ಉಣುಗಿನ ಕಾಲ

ಇಂಬಳ ಮಳೆಯದ್ದು;
ಕಚ್ಚಿದರೆ ಸುಣ್ಣ ಹಚ್ಚಿದರಾಯಿತು.
ಉಣುಗು ಬಿಸಿಲಿನದ್ದು.
ಸಂಕ್ರಾಂತಿ ಕಳೆದು ದರಗು ಒಣಗುವಾಗ
ಎಳ್ಳಿಗಿಂತ ಸಣ್ಣದು, ಸದ್ದಿಲ್ಲದ್ದು,
ಅಂಗಿಯ ಹೊಲಿಗೆಯಲ್ಲಿ ಕೂತು ಮನೆಗೆ ಬರುತ್ತದೆ.

ನಾನು ಆಶಾ. ಹೆಸರಲ್ಲ, ಕೆಲಸ.
ಲೋಲಾಕ್ಷಿ ಅನ್ನುವುದು ರಿಜಿಸ್ಟರಿನಲ್ಲಿ ಮಾತ್ರ.

ಅವತ್ತು ಪೆಟ್ಟಿಗೆಯಲ್ಲಿದ್ದದ್ದು ಹದಿನೆಂಟು ಬಾಟಲಿ,
ಮನೆ ಹತ್ತೊಂಬತ್ತು, ನಮ್ಮದೂ ಸೇರಿ.
ಹದಿನೆಂಟನೆಯದನ್ನು ದ್ಯಾವಕ್ಕನ ಕೈಗಿಟ್ಟು
ಮೊಣಕಾಲ ತನಕ ಹಚ್ಚಿ, ಕಾಡಿಂದ ಬಂದು ಬಿಸಿನೀರು ಮೀಯಿರಿ
ಅಂತ ಗಿಳಿಪಾಠ ಒಪ್ಪಿಸಿ ಸಹಿ ಹಾಕಿಸಿಕೊಂಡೆ.
ನಮ್ಮನೆಗೆ ನಾಳೆ ತಂದರಾಯಿತು.

ನಾಳೆ ಬೆಳಕು ಹರಿಯುವ ಮೊದಲೇ
ಗುತ್ಯಪ್ಪ ದರಗಿಗೆ ಹೋಗಿದ್ದ.

ಎಂಟನೇ ದಿನ ಜ್ವರ. ಕಣ್ಣು ಕೆಂಡ.
ಒಸಡಿನಲ್ಲಿ ರಕ್ತ ಕಂಡಾಗ ಯಾರೂ ಹೇಳಬೇಕಿರಲಿಲ್ಲ,
ಊರಿಗೆಲ್ಲ ಲಕ್ಷಣ ಕಲಿಸಿದವಳು ನಾನೇ ಅಲ್ಲವಾ.
ಟ್ಯೂಬಿನ ಮೇಲೆ ಅವನ ಹೆಸರು ಬರೆದದ್ದೂ ಇದೇ ಕೈ.
ಸಾಗರ, ಅಲ್ಲಿಂದ ಮಣಿಪಾಲ.
ಹುಲಿಕಲ್ ಘಾಟಿಯ ತಿರುವಿನಲ್ಲಿ ಕಣ್ಣು ಬಿಟ್ಟು
ದನಕ್ಕೆ ಹಾಸು ಹಾಕಿದ್ಯಾ, ಅಂದ.
ಹಾಕಿದೆ ಅಂದೆ. ಸುಳ್ಳು.
ಅದೇ ಕೊನೆ ಮಾತು. ಕೊನೆ ಮಾತುಗಳು ಹೀಗೂ ಇರುತ್ತವೆ.

ಆಮೇಲೆ ಚೆಕ್ಕಿಗಾಗಿ ಅಲೆದದ್ದು,
ಮಗಳ ಫೀಸಿಗೆ ಬುಗುಡಿ ಮಾರಿದ್ದು,
ದನ ಎರಡನ್ನೂ ತಮ್ಮನ ಮನೆಗೆ ಹೊಡೆದದ್ದು
ಎಲ್ಲರಿಗೂ ಗೊತ್ತಿರುವುದೇ.
ಗೊತ್ತಿಲ್ಲದ್ದು ಇದು:
ಶನಿವಾರ ಆಂಜನೇಯನ ಗುಡಿಯೆದುರು ಬಂದರೆ
ನಾನು ಚಪ್ಪಲಿ ಬಿಡುತ್ತಿರಲಿಲ್ಲ.
ನಿನ್ನ ಕಡೆಯವರೇ ತಂದದ್ದು, ಅನ್ನುತ್ತಿದ್ದೆ,
ಮರದ ಮೇಲಿಂದ ಉದುರಿಸಿದ್ದು.
ಅವನ ಬಾಯಿಗೆ ಬೆಣ್ಣೆ ಮೆತ್ತಿದ್ದರು.
ಉತ್ತರ ಬರಲಿಲ್ಲ.

ಮರುವರ್ಷ ಫೆಬ್ರವರಿ.
ಹೊಳೆದಂಡೆಯ ಮತ್ತಿಮರದ ಬುಡದಲ್ಲಿ
ಮಂಗ ಸತ್ತು ಬಿದ್ದಿದೆ ಎಂದು ಫೋನು.
ಹಿಂದೆಲ್ಲ ಅರಿಶಿನ ಹಚ್ಚಿ, ನಾಣ್ಯ ಇಟ್ಟು ಹೂಳುತ್ತಿದ್ದರು,
ಹನ್ನೊಂದನೇ ದಿನ ಪಾಯಸ ಕೂಡ.
ಈಗ ಯಾರೂ ಹತ್ತಿರ ಸುಳಿಯುವುದಿಲ್ಲ.
ಇಲಾಖೆಯ ಜೀಪು ಬರುವ ತನಕ
ಗ್ಲೌಸು ತೊಟ್ಟು ದೂರ ನಿಂತು ಕಾಯಬೇಕಾದವಳು ನಾನು.

ಕೆಂಪು ಮೂತಿಯದ್ದು. ಹಲ್ಲಿನ ಸಂದಿಯಲ್ಲಿ ರಕ್ತ,
ನನಗೆ ಗುರುತಿದ್ದ ರಕ್ತ.
ಅಂಗೈ ಮೇಲ್ಮುಖವಾಗಿತ್ತು, ಗೆರೆಗಳಿದ್ದವು,
ಏನನ್ನೋ ಇಸಿದುಕೊಳ್ಳಲು ಚಾಚಿದ ಹಾಗೆ.
ನಿನಗೂ ಬಾಟಲಿ ಸಿಗಲಿಲ್ಲವಾ, ಅಂದೆ.

ಬೈಯಲು ಕೂಡಿಟ್ಟ ಮಾತೆಲ್ಲ
ಗ್ಲೌಸಿನೊಳಗೆ ಬೆವರಾಯಿತು.

ಸೌದೆ ಒಟ್ಟಿ ಸುಟ್ಟರು.
ಹೊಗೆ ಹೊಳೆಯ ಮೇಲೆ ಬಗ್ಗಿ ಆಚೆ ದಡಕ್ಕೆ ಹೋಯಿತು.
ಕೈ ಮುಗಿಯಲಿಲ್ಲ ನಾನು. ಆದರೆ ನೋಡಿಕೊಂಡರೆ
ಚಪ್ಪಲಿ ಬಿಟ್ಟಿದ್ದೆ,
ಬೂಟು ಹಾಕಿ ಬೂಟು ಹಾಕಿ ಎಂದು ಊರಿಗೆ ಹೇಳುವವಳು
ದರಗಿನ ಮೇಲೆ ಬರಿಗಾಲು!
ಜೀಪಿನ ಡ್ರೈವರ್ ಬೈದ.

ಆ ಒಂದು ವರ್ಷ ದ್ಯಾವಕ್ಕ ನನಗೆ ಎದುರಾಗಿರಲಿಲ್ಲ.
ನನ್ನ ಕಂಡರೆ ಅಡ್ಡದಾರಿ ಹಿಡಿಯುತ್ತಿದ್ದಳು, ನಾನೂ ಹಾಗೇ.
ಮಂಗ ಸುಟ್ಟ ಸಂಜೆ ಹೊಸ ಬಾಟಲಿ ಹಿಡಿದು
ಅವಳ ದಣಪೆ ದಾಟಿದೆ.
ಒಳಗಿಂದ ಹಳೆಯದನ್ನು ತಂದಳು. ಅರ್ಧಕ್ಕೇ ನಿಂತಿತ್ತು.
ಹಚ್ಚಿಕೊಳ್ಳಲು ಕೈ ಬರಲಿಲ್ಲ ಮಾರಾಯ್ತಿ, ಅಂದಳು.
ಅವಳ ಕಾಲೆಳೆದು ಮಡಿಲಲ್ಲಿಟ್ಟುಕೊಂಡು
ಹಿಮ್ಮಡಿಯಿಂದ ಮೊಣಕಾಲ ತನಕ ಹಚ್ಚಿದೆ.
ಬಿರುಕಿನಲ್ಲೆಲ್ಲ ಹಚ್ಚಿದೆ.
ಆಮೇಲೆ ಅವಳು ನನಗೆ.
ಕೆಟ್ಟ ವಾಸನೆ ಆ ಎಣ್ಣೆಯದು, ಇಬ್ಬರೂ ಮೂಗು ಹಿಡಿದು ನಕ್ಕೆವು.

ಈಗ ಮೊದಲ ಬಾಟಲಿ ನಮ್ಮನೆಗೇ ತೆಗೆದಿಡುತ್ತೇನೆ.
ಸ್ವಾರ್ಥ ಅಂದರೆ ಅನ್ನಲಿ.
ಕೊನೆಯ ಮನೆಗೆ ಸಾಲದೆ ಬಂದರೆ
ನಾಳೆ ಅನ್ನುವುದಿಲ್ಲ.
ಆಸ್ಪತ್ರೆಗೆ ಏಳು ಮೈಲಿ, ಬಸ್ಸು ತಪ್ಪಿದರೆ ನಡಿಗೆ.

ದಾರಿಯಲ್ಲಿ ಗುಡಿ. ಚಪ್ಪಲಿ ಬಿಡಲು ಹೊತ್ತಿಲ್ಲ.
ನಿಲ್ಲದೆಯೇ ಒಳಗೆ ಕೇಳುವ ಹಾಗೆ ಕೂಗಿ ಹೋಗುತ್ತೇನೆ,
ನೀನೂ ಹುಷಾರು, ಮಾರಾಯ.