ಬಿಟ್ಟ ಜಾಗಾ

ರಿಬಂದರದ ಫೆರಿ ಧಕ್ಕಿಗೆ ಬೆನ್ನು ಹಾಕಿ ನಿಂತದ್ದು ನನ್ನ ಅಂಗಡಿ.
ಹುಬ್ಬಳ್ಳಿ ಬಿಟ್ಟು ಇಪ್ಪತ್ತೆರಡು ವರ್ಷ, ಕೆಲಸ ಒಂದ:
ಕಟ್ಟು ಹಾಕೂದು.
ಸಿದ್ಧಾರೂಢರಿಗೆ, ಮಂಗೇಶಿಗೆ, ಬಾಲಯೇಸುವಿಗೆ,
ಮಕ್ಕಾದ ಕರೀ ಮನಿಗೆ,
ಹತ್ತನೇತ್ತೆ ಪಾಸಾದ ಸರ್ಟಿಫಿಕೇಟಿಗೆ,
ನಿನ್ನೆ ತೀರಿಹೋದವರ ಹಿಗ್ಗಿಸಿದ ಫೋಟೋಕ್ಕ.
ಗಾಜು ಕೊಯ್ಯೂ ಮುಂದ ನಾ ಯಾರನ್ನೂ ನೆನಸೂದಿಲ್ಲ.
ನೆನಸಿದ್ರ ಕೈ ನಡಗತೈತಿ.

ಎರ್ಮೆಲಿಂದಾ ಬಾಯಿ ಬರತಿದ್ದದ್ದು ಮಂಗಳವಾರ,
ಛತ್ರಿ ಬಗಲಾಗ, ಹಾಳಿ ಪ್ಲಾಸ್ಟಿಕ್ಕಿನಾಗ.
ಎಲ್ಲಾ ಹಾಳ್ಯಾಗೂ ಒಂದ ಚಿತ್ರ:
ಮಾಂಡವಿ, ಆಚೀ ದಂಡಿಗೆ ಚೋಡಣ ನಡುಗಡ್ಡಿ,
ಕಾಂಡ್ಲಾ ಗಿಡಾ, ತುಕ್ಕು ಹಿಡಿದ ಫೆರಿ.
ಒಮ್ಮೆ ಜೂನದ ನೀರು, ಹಾಲು ಕಡಿಮಿ ಆದ ಚಹಾದಂಗ.
ಒಮ್ಮೆ ಜನವರಿದು, ಇಸ್ತ್ರಿ ಮಾಡಿಟ್ಟಂಗ.
"ಅದನ್ನ ಎಷ್ಟು ಸಲ ಬರೀತೀರಿ ಬಾಯಿ?"
"ಅದು ಒಂದ ಸಲ ಸುಮ್ಮ ಕೂಡಲಿ, ಬಿಡತೀನಿ."

ನನಗ ಕಂಡದ್ದು ಬ್ಯಾರೆ.
ಪ್ರತಿ ಹಾಳ್ಯಾಗೂ, ಆಚೀ ದಂಡಿ ಗಿಡಗಳ ಸಂದ್ಯಾಗ
ಹೆಬ್ಬೆರಳ ಉಗುರಿನಷ್ಟು ಜಾಗಾ ಬರೇ ಬಿಳಿ.
ಮಳಿಗಾಲದ ಬೂಸಲು ಅಂತ ಮೊದಲು ಒರಸಿದೆ.
ಹೋಗಲಿಲ್ಲ.
ವಯಸ್ಸಾತು, ಮರತಿರಬೇಕು ಅಂತ
ಒಂದು ಸಂಜಿ, ಮಗಳ ಬಣ್ಣದ ಡಬ್ಬಿಯಿಂದ
ತೊಟ್ಟು ಹಳದಿ ತಗದು ಅಲ್ಲಿ ಇಟ್ಟೆ.
ಭಾಳ ಚಂದ ಕಂಡಿತು. ಯಾರೋ ದೀಪಾ ಹಚ್ಚಿದಂಗ.

ಬಾಯಿ ನೋಡಿದಳು. ಕನ್ನಡಕ ತಗದು ನೋಡಿದಳು.
ರೊಕ್ಕಾ ಎಣಿಸಿ ಕೊಟ್ಟು ಹೋದಳು.
ಮುಂದಿನ ಮಂಗಳವಾರ ಅದೇ ನದಿ, ಅದೇ ಫೆರಿ,
ಬಿಳಿ ಜಾಗಾ ಮಾತ್ರ ಈಗ ರೂಪಾಯಿ ನಾಣ್ಯದಷ್ಟು.
ನಾ ತಲಿ ತಗ್ಗಿಸಿ ಅಳತಿ ತಗೊಂಡೆ.
ಬಾಗಲಾ ದಾಟೂ ಮುಂದ ತಿರುಗಿ ಅಂದದ್ದು:
"ಬೆಳಕು ಹಚ್ಚೂದಲ್ಲೋ ಲಾಲಸಾಬ. ಬಿಡೂದು.
ನನ್ನ ಡಬ್ಬ್ಯಾಗ ಬಿಳಿ ಇಲ್ಲ. ಹಾಳಿ ಐತಿ, ಅಷ್ಟ."
"ಆ ಗಿಡದ ಸಂದ್ಯಾಗ ಏನೈತಿ ಬಾಯಿ?"
"ಮೂವತ್ತೊಂದು ವರ್ಷದಿಂದ ನೋಡಾಕತ್ತೀನಿ.
ಗೊತ್ತಾಗಿದ್ರ ಬಣ್ಣ ಹಾಕತಿದ್ದೆ."

ಆಮ್ಯಾಲ ಆಕಿ ಕಣ್ಣಿಗೆ ಪೊರಿ ಬಂತು.
ಬಂಬೋಳಿ ಆಸ್ಪತ್ರ್ಯಾಗ ಒಂದು ಕಣ್ಣು ಉಳೀತು, ಇನ್ನೊಂದು ಇಲ್ಲ.
ಹಾಳ್ಯಾಗ ಬಿಳಿ ಬೆಳಿಯಾಕ ಹತ್ತಿತು:
ಮೊದಲು ಗಿಡಾ ತಿಂತು, ಒಂದು ಮಳಿಗಾಲ ಬಿಟ್ಟು ಫೆರಿ.
ಕೊನೀ ಹಾಳಿ ತಂದಾವ ಆಕಿ ಅಣ್ಣನ ಮಗ.
"ಖಾಲಿ ಐತಿ. ಆಂಟಿ ಕಟ್ಟು ಹಾಕ್ಸು ಅಂದಾಳ."
ಖಾಲಿ ಇದ್ದಿಲ್ಲ. ತಳದಾಗ ಒಂದು ನೀಲಿ ಗೆರಿ,
ಉಸಿರು ಹಿಡದು ಎಳದದ್ದು,
ನಡುವ ಎಲ್ಲೋ ಒಮ್ಮೆ ನಡಗಿದ್ದು.
ಸಾಗವಾನಿ ಕಟ್ಟು ಹಾಕಿದೆ. ಬಿಲ್ಲು ಬರೀಲಿಲ್ಲ.
ಒಯ್ಯಾಕ ಯಾರೂ ಬರಲಿಲ್ಲ.

ಗಿರಾಕಿ ಕೇಳತಾರ, "ಈ ಖಾಲಿ ಫ್ರೇಮಿಗೆ ಎಷ್ಟು?"
ಮಾರೂದಲ್ಲ ಅಂತೀನಿ. ಯಾಕ ಅಂದ್ರ ಹೇಳಾಕ ಬರೂದಿಲ್ಲ.
ಐದು ಹೊತ್ತಿನ ನಮಾಜಿನವ ನಾನಲ್ಲ.
ಮಗಳ ಜ್ವರಾ ಹದಿನೆಂಟನೇ ದಿನಕ್ಕ ಮುಟ್ಟಿದಾಗ
ಗ್ವಾಡಿ ಮ್ಯಾಲಿನ ಎಲ್ಲಾರಿಗೂ ಬೇಡಕೊಂಡಾವ.
ಗಿರಾಕಿಗಳ ದೇವರು ಅವು;
ಒಯ್ಯಾಕ ಬರೂ ಮಟಾ ನನ್ನವ.

ನಿನ್ನೆ ಗಾಳಿಗೆ ಕರೆಂಟು ಹೋತು.
ಹೊರಗ ಚೂರು ಸಂಜಿ ಇತ್ತು, ಒಳಗ
ಒಬ್ಬೊಬ್ಬರ ಕತ್ತಲಾದರು:
ಮೊದಲು ತೀರಿಹೋದವರು, ಆಮ್ಯಾಲ ಸರ್ಟಿಫಿಕೇಟು,
ಬಂಗಾರದ ಅಂಚಿನ ದೇವರು.
ಬಾಯಿ ಹಾಳಿ ಮಾತ್ರ ಇನ್ನೂ ಇತ್ತು.
ಬೆಳಗಲಿಲ್ಲ, ಸುಳ್ಳು ಯಾಕ ಹೇಳಲಿ. ಕಂಡಿತು, ಅಷ್ಟ.
ಅದರ ಗುರ್ತಿನ ಮ್ಯಾಲ
ಎಡಕ್ಕ ಎರಡು ಹೆಜ್ಜಿ, ಕೀಲಿಕೈ;
ಬಲಕ್ಕ ಒಡದ ಗಾಜು, ಹುಷಾರು;
ಹಿಂಗ ಲೆಕ್ಕಾ ಹಾಕ್ಕೋತ ಬಾಗಲಾ ಮುಟ್ಟಿದೆ.

ಆಚೀ ದಂಡಿ ಮಳ್ಯಾಗ ಅಳಿಸಿ ಹೋಗಿತ್ತು.
ಫೆರಿ, ಮಂದಿ ತುಂಬಿಕೊಂಡು, ಹೊಂಟಿತ್ತು.