ಸುಂಕ ಕೊಟ್ಟು ಬಂದ ಬೆಳಕು

ಯೆರೆವಾನಿನಲ್ಲಿ ಜನವರಿ. ಕಿಟಕಿಯಾಚೆ ಅರಾರಾತ್
ಹೊಗೆಯೊಳಗೆ ಇದ್ದೂ ಇಲ್ಲ.
ಹಸ್ತಪ್ರತಿ ಭಂಡಾರದ ನೆಲಮಾಳಿಗೆಯಲ್ಲಿ
ಹ್ರಿಪ್ಸಿಮೆ ನನಗೆ ಹೇಳಿದ ಮೊದಲ ಮಾತು:
"ಮುಚ್ಚಳ ತೆರೆಯುವಾಗ ಉಸಿರಾಡಬೇಡ."

ಆಡಿದೆ.
ಪರದೆಯ ಮೇಲೆ, ಎರಡು ಸಾವಿರದ ಮುನ್ನೂರೈವತ್ತರ ಹತ್ತಿರ
ಅವಳಿ ಹಳ್ಳವೊಂದು ಬಿತ್ತು.
"ನೋಡು, ಅದು ನೀನೇ. ಬೆಳಗ್ಗೆ ತಿಂದ ಲವಾಶ್
ಒಳಗೆ ಉರಿದು ಹೊರಬಂದ ಗಾಳಿ."

ಕೋಟಿನ ಜೇಬಿನಿಂದ ಎರಡು ಒಣ ಏಪ್ರಿಕಾಟ್ ತೆಗೆದಳು,
ನಡುವೆ ಒಂದು ಅಕ್ರೋಟು,
ಪೆನ್ನುಗಳ ಹೊಟ್ಟೆಯಿಂದ ಕಿತ್ತ ಎರಡು ಸ್ಪ್ರಿಂಗು.
ಇದು ಅಣು ಅಂದಳು. ಬಂಧ ಬಿಗಿಯಾದಷ್ಟೂ ಚುರುಕು,
ತುದಿ ಭಾರವಾದಷ್ಟೂ ನಿಧಾನ. ನಿಂತದ್ದೇ ಇಲ್ಲ ಇದು,
ಕಡುಚಳಿಯ ಕಟ್ಟಕಡೆಯ ಮೆಟ್ಟಿಲಲ್ಲೂ ನಿಲ್ಲುವುದಿಲ್ಲ.

ಹಣ್ಣೆರಡೂ ಒಂದು ಕಡೆ ವಾಲಿ, ಅಕ್ರೋಟು ಎದುರು ಕಡೆ ಸರಿದರೆ
ವಿದ್ಯುತ್ತಿನ ತಕ್ಕಡಿ ತೂಗಾಡುತ್ತದೆ.
ಅದೇ ತಾಳದಲ್ಲಿ ಬಂದ ಅವಕೆಂಪು
ಅಲ್ಲೇ ಉಳಿದುಬಿಡುತ್ತದೆ;
ಆಚೆ ದಾಟಿದ ಬೆಳಕಿನಲ್ಲಿ ಅಷ್ಟು ಜಾಗ ಖಾಲಿ.
ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ
ಎರಡೂ ಸಮಸಮ ಆಚೀಚೆ ಜಗ್ಗಿದರೆ?
ತಕ್ಕಡಿ ಅಲುಗದು. ಅವಕೆಂಪಿಗೆ ಅದು ಕೇಳದು.
"ಅದಕ್ಕೆ ಬೇರೆ ಕಿವಿ ಬೇಕು" ಎಂದು
ಪಕ್ಕದ ಕೋಣೆಯ ದೀಪ ಆರಿಸಿದಳು.

ಅಲ್ಲಿ ಲೇಸರ್, ಎಳೆ ಹುಲ್ಲಿನ ಹಸಿರು.
ಹೋದ ಪುಟ್ಟ, ಬಂದ ಪುಟ್ಟ:
ಚದುರಿದ ಬೆಳಕೆಲ್ಲ ಹೋದ ಬಣ್ಣದಲ್ಲೇ ಮರಳುತ್ತದೆ.
ಕೋಟಿಗೊಂದು ಕಣ ಮಾತ್ರ
ಅಣುವಿನ ನಡುಕಕ್ಕೆ ಸುಂಕ ಕೊಟ್ಟು
ಕೊಂಚ ಕೆಂಪಾಗಿ ಬರುತ್ತದೆ.
(ಮೊದಲೇ ನಡುಗುತ್ತಿದ್ದ ಅಣುವಿನಿಂದ ಕಿಸೆ ತುಂಬಿಸಿಕೊಂಡು
ನೀಲಿಗೆ ವಾಲಿ ಬರುವುದೂ ಉಂಟು, ಇನ್ನೂ ಅಪರೂಪಕ್ಕೆ.)
ಎಷ್ಟು ಕೊಟ್ಟೆ ಎಂದು ಕೇಳಿದರೆ ಸಾಕು,
ಯಾವ ಕಟ್ಟೆ ದಾಟಿ ಬಂತೆಂದು ತಿಳಿಯುತ್ತದೆ.

ಮಂಗಳವಾರ ಒಂದು ಸುವಾರ್ತೆ ಬಂತು, ಚರ್ಮದ ಹಾಳೆಯದು.
ನೀಲಿ ತನ್ನ ಹೆಸರು ಹೇಳಿತು: ಲಾಜವರ್ದ.
ಹಳದಿ ಹೇಳಿತು: ಹರಿತಾಳ.
ಹುಳು ಅರೆದು ತೆಗೆದ ಕೆಂಪು ಮಾತ್ರ
ಲೇಸರ್ ತಾಗಿದ್ದೇ ತಾನೇ ಹೊತ್ತಿ ಬೆಳಗಿ
ಪರದೆ ತುಂಬ ಬೋಳುಗುಡ್ಡ.
ಜುರ್ನಾ ಊದುವ ಮನೆಯಲ್ಲಿ ಸೊಳ್ಳೆಯ ರಾಗ
ಯಾರಿಗೆ ಕೇಳೀತು? ಬಿಟ್ಟೆವು.

ಆಮೇಲೆ ಯೋಹಾನನ ಎಡಗಣ್ಣು. ಸಾಸಿವೆಯಷ್ಟು ಬಿಳಿ.
ಸೀಸದ ಬಿಳಿಯಾದರೆ ಸಾವಿರದೈವತ್ತರಲ್ಲಿ ಏಳಬೇಕಿತ್ತು.
ಎದ್ದದ್ದು ನೂರ ನಲವತ್ನಾಲ್ಕರಲ್ಲಿ,
ಒಂಟಿಯಾಗಿ, ಸೂಜಿಯ ಹಾಗೆ.
ಟೈಟಾನಿಯಂ. ಬರೆದವನು ಸತ್ತು ಐನೂರು ವರ್ಷಕ್ಕೆ
ಕಾರ್ಖಾನೆಯಲ್ಲಿ ಹುಟ್ಟಿದ ಬಿಳಿ.

"ಖೋಟಾ!" ಎಂದೆ, ಖುಷಿಯಲ್ಲಿ.

ಅವಳು ಮಾತಾಡಲಿಲ್ಲ. ಮಸೂರದಡಿ ಬಗ್ಗಿ
ಕುಂಚ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು
ಬಹಳ ಹೊತ್ತು ನೋಡಿದಳು.
"ಎಡಗೈ."
ಇದೇ ಮೇಜು, ಎಪ್ಪತ್ತನೆಯ ಇಸವಿಯ ಸುಮಾರು.
ಇವಳಿಗೆ ಕುಂಚ ಹಿಡಿಯಲು ಕಲಿಸಿದ ಎಡಚಿ ಅರುಸ್ಯಾಕ್
ಬಣ್ಣ ಉದುರಿದ ಕಣ್ಣು ನೋಡಿ ತಡೆಯದೆ
ಕಡತದಲ್ಲಿ ಬರೆಯದೆ, ಯಾರಿಗೂ ಹೇಳದೆ
ಒಂದು ಚುಕ್ಕೆ ಇಟ್ಟಿರಬೇಕು.
ತಪ್ಪೇ. "ತಪ್ಪೇ" ಎಂದಳು ಹ್ರಿಪ್ಸಿಮೆಯೂ,
"ಆದರೆ ಮುದುಕನನ್ನು ಕುರುಡಾಗಿಯೇ ಹೇಗೆ
ಪೆಟ್ಟಿಗೆಯೊಳಗೆ ಮಲಗಿಸುತ್ತಿದ್ದಳು?"

ವರದಿಯಲ್ಲಿ ನನ್ನ ಖೋಟಾ ಹೊಡೆದು
ದುರಸ್ತಿ ಎಂದು ಬರೆಯಹೊರಟಳು.
ಪೆನ್ನು ಮೂಡಲಿಲ್ಲ. ಒತ್ತಿದರೆ ನಿಬ್ಬು ಒಳಗೇ ಜಾರುತ್ತದೆ;
ಅದರ ಸ್ಪ್ರಿಂಗು ಅಕ್ರೋಟಿಗೆ ಸಿಕ್ಕಿಕೊಂಡು
ಆಚೆ ಮೇಜಿನ ಮೇಲೆ ಇನ್ನೂ ಅಣುವಾಗಿತ್ತು.

ನನ್ನದು ಕೊಟ್ಟೆ.