ಕಿಟಕಿ ತೆರೆಯುವ ಮಸೂದೆ

ಮಂಗಳವಾರ, ಗುರುವಾರ, ಊಟದ ಗಂಟೆಯ ಮೇಲೆ
ಮೋರ್ನ್ ಹೊಳೆಯ ಸೇತುವೆ ದಾಟಿ ಬರುತ್ತಾರೆ
ಹಸಿರು ಕೋಟಿನ ನಮ್ಮ ಶಾಲೆಗೆ
ನೀಲಿ ಕೋಟಿನ ಮೂವರು.
ರಾಜ್ಯಶಾಸ್ತ್ರ ಓದುವವರು ಎರಡೂ ದಡದಲ್ಲಿ ಕಮ್ಮಿ;
ಎರಡು ಶಾಲೆ ಕೂಡಿದರೇ ಒಂದು ತರಗತಿ.
ಇದು ಶಾಂತಿ, ಅಂತ ಪೇಪರಿನವರು ಫೋಟೋ ಹಿಡಿದರು.
ಇದು ಉಳಿತಾಯ, ಅಂದರು ಗಾಲ್ಟ್ ಮೇಷ್ಟ್ರು.

ಐದನೆಯ ಪಾಠ, ವಿಧಾನಸಭೆ.
ಸಭೆ ಸೇರುತ್ತದೆ, ಚರ್ಚಿಸುತ್ತದೆ,
ಸಚಿವರನ್ನು ನಿಲ್ಲಿಸಿ ಕೇಳುತ್ತದೆ.
ಎಲ್ಲ ವರ್ತಮಾನಕಾಲ.
ಸ್ಟಾರ್ಮಂಟ್ ಗುಡ್ಡದ ಆ ಬಿಳಿ ಕಟ್ಟಡದಲ್ಲಿ
ಸದ್ದಡಗಿ ಒಂದು ವರ್ಷ ಎಂಟು ತಿಂಗಳು.
'ಭೂತಕಾಲದಲ್ಲಿ ಬರೆಯಲಾ ಸರ್?'
ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.
'ವರ್ತಮಾನದಲ್ಲೇ ಬರಿ ಡರ್ವ್ಲಾ,
ಅಂಕ ಕೊಡುವವರು ಆಶಾವಾದಿಗಳು.'

ಆಮೇಲೆ ಆಟ ಕಟ್ಟಿದರು: ನಾವೇ ಸಭೆ.
ಮೊದಲ ದಿನ ಎಲ್ಲರೂ ದಫ್ತರದಲ್ಲಿ
ತಮ್ಮ ಹಣೆಪಟ್ಟಿ ತಾವೇ ಬರೆದು ಸಹಿ ಹಾಕಬೇಕು.
ರಾಷ್ಟ್ರೀಯವಾದಿ. ಐಕ್ಯತಾವಾದಿ. ಇತರೆ.
ಕೋಟಿನ ಬಣ್ಣ ನೋಡಿ ಬರೆಯಬಹುದಿತ್ತು, ಹಾಗೇ ಬರೆದೆವು.
ನನ್ನ ಕೈ ಒಂದು ಗಳಿಗೆ ನಿಂತಿತು;
ನಿಂತದ್ದನ್ನು ಮನೆಯಲ್ಲಿ ಹೇಳಿಲ್ಲ.
ವೆಸ್ಲಿ 'ಇತರೆ' ಬರೆದ, ಹೊಡೆದು ಹಾಕಿದ,
ನೀಲಿಯವರ ಸಾಲಿಗೇ ಸರಿದ.
ಕಿಂಗಾ ಮಾತ್ರ ಯೋಚಿಸಲೇ ಇಲ್ಲ.
ಅವಳಪ್ಪ ಪೋಲೆಂಡಿನಿಂದ ಕೋಳಿ ಕಾರ್ಖಾನೆಗೆ ಬಂದಾಗ
ಅವಳಿಗೆ ಮೂರು ವರ್ಷ.

ಮಸೂದೆ ಒಂದು: ಕಿಟಕಿ ತೆರೆಯತಕ್ಕದ್ದು.
(ಅಕ್ಟೋಬರಿನಿಂದ ರೇಡಿಯೇಟರ್ ಕುದಿಯುತ್ತಿದೆ, ಆರಿಸುವ ತಿರುಪು ಮುರಿದಿದೆ.)
ತಿದ್ದುಪಡಿ: ಅರ್ಧ ತೆರೆಯತಕ್ಕದ್ದು.
ತಿದ್ದುಪಡಿಗೊಂದು ತಿದ್ದುಪಡಿ.
ನೀಲಿಯ ಇಬ್ಬರು ಕಳವಳದ ಅರ್ಜಿ ಕೊಟ್ಟರು:
ಗಾಳಿ ಬರುವುದು ನಿಮ್ಮ ಕಡೆಯಿಂದ, ಚಳಿ ನಮಗೆ.
ಇನ್ನು ಬರೀ ಬಹುಮತ ಸಾಲದು,
ಆ ಗುಂಪಿನಲ್ಲೊಂದು, ಈ ಗುಂಪಿನಲ್ಲೊಂದು, ಬೇರೆ ಬೇರೆ ಬೇಕು.
ಕಿಂಗಾ ಕೈ ಎತ್ತಿದಳು.
ಮೇಷ್ಟ್ರು ನಿಯಮ ಓದಿದರು: ಒಟ್ಟು ಎಣಿಕೆಗೆ ಸೇರುತ್ತೀಯ,
ಗುಂಪಿನ ಎಣಿಕೆಗೆ ಸೇರುವುದಿಲ್ಲ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅವಳು ನಕ್ಕಳು, ಕುತ್ತಿಗೆಯ ಬೆವರು ಒರೆಸುತ್ತ.
ಕಿಟಕಿ ಪಕ್ಕದ ಕುರ್ಚಿ ಅವಳದೇ.

ನಲವತ್ತು ನಿಮಿಷವಾದ ಮೇಲೆ ಹೆದರ್‌ಗೂ ಸೆಕೆ ತಡೆಯಲಿಲ್ಲ,
ವೆಸ್ಲಿಯ ಕೈ ಪಕ್ಕ ಅವಳ ಕೈಯೂ ಎದ್ದಿತು.
ಪಾಸು.
ಕಿಂಗಾ ಹಿಡಿಕೆ ಎಳೆದಳು. ಅಲ್ಲಾಡಲಿಲ್ಲ.
ಚೌಕಟ್ಟಿನ ಸುತ್ತ ಬಣ್ಣ, ಪದರದ ಮೇಲೆ ಪದರ,
ನಾವು ಹುಟ್ಟುವ ಮೊದಲೇ ಯಾರೋ ಬಳಿದು ಮುಚ್ಚಿದ್ದು.
ಎಲ್ಲರೂ ನಕ್ಕೆವು, ಮೇಷ್ಟ್ರೊಬ್ಬರನ್ನು ಬಿಟ್ಟು.

ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದ:
ನಿಮ್ಮ ಹೆಸರು ಪಟ್ಟಿಯಲ್ಲಿದೆ.
ಅಜ್ಜಿಯ ಸೊಂಟದ ಕೀಲಿಗೆ ಇದು ನಾಲ್ಕನೆಯ ವರ್ಷ.
ಮೇಜಿನ ಮೇಲೆ ನನ್ನ ಪ್ರಶ್ನೆ, ಇಪ್ಪತ್ತು ಅಂಕ:
ಆರೋಗ್ಯ ಸಮಿತಿಯು ಸಚಿವರನ್ನು ಹೇಗೆ ಹದ್ದುಬಸ್ತಿನಲ್ಲಿಡುತ್ತದೆ?
ಇಡುತ್ತದೆ, ಅಂತ ಶುರು ಮಾಡಿದೆ.
ಅಜ್ಜಿ ಗೋಡೆ ಹಿಡಿದು, ಕುರ್ಚಿ ಹಿಡಿದು, ಮೇಜು ಹಿಡಿದು ಬಂದಳು.
'ಏನು ಕಲಿತೆ ಇವತ್ತು?'
'ಕಿಟಕಿ ತೆಗೆಯೋದು.'
'ತೆಗೀತಾ?'
'ಇಲ್ಲ. ಬಣ್ಣ ಕೆರೆಯೋಕೆ ಚಾಕು ಬೇಕು.
ಶಾಲೆಗೆ ಚಾಕು ತರೋ ಹಾಗಿಲ್ಲ, ನಿಯಮ.'
'ಬೆಣ್ಣೆ ಸವರೋ ಚಾಕಿಗೂನಾ?' ಅಂದಳು,
ಡ್ರಾಯರ್ ಎಳೆದು ಹುಡುಕತೊಡಗಿದಳು
ಎರಡೂ ಕೈಯಲ್ಲಿ,
ಮೇಜು ಬಿಟ್ಟು.